ಗಂಜಿಯ ಲೆಕ್ಕ, ಪಂಪಿನ ಲೆಕ್ಕ: ಹಸಿರುಮನೆ ಅನಿಲದ ಅಂಕಿಅಂಶಗಳನ್ನು ತರಗತಿಯಲ್ಲಿ ಓದುವ ಬಗೆ

ಕಲ್ಲಿದ್ದಲು, ತೈಲ ಮತ್ತು ನೈಸರ್ಗಿಕ ಅನಿಲವನ್ನು ಸುಟ್ಟು ಜಗತ್ತು ಒಂದು ವರ್ಷಕ್ಕೆ ಹೊರಬಿಡುವ ಇಂಗಾಲದ ಡೈಆಕ್ಸೈಡ್ ಸುಮಾರು 3,700 ಕೋಟಿ ಟನ್. ಅಂತರರಾಷ್ಟ್ರೀಯ ವರದಿಗಳಲ್ಲಿ ಇದನ್ನೇ 37 ಗಿಗಾಟನ್ ಎಂದು ಬರೆದಿರುತ್ತಾರೆ. ಪ್ರೌಢಶಾಲೆಯ ಮಕ್ಕಳ ಮುಂದೆ ಗಿಗಾಟನ್ ಎಂದರೆ ಅದು ಬರೀ ಶಬ್ದ. ಕೋಟಿಯಲ್ಲಿ ಬರೆದರೆ ಭಾಗಾಕಾರ ಮಾಡಬಹುದು. ಜಗತ್ತಿನ ಜನಸಂಖ್ಯೆ 800 ಕೋಟಿಗೆ ಸ್ವಲ್ಪ ಹೆಚ್ಚು. 3,700ನ್ನು 800ರಿಂದ ಭಾಗಿಸಿದರೆ ತಲಾ ನಾಲ್ಕೂವರೆ ಟನ್ ಚಿಲ್ಲರೆ. ಭಾರತದ್ದು ಸುಮಾರು 300 ಕೋಟಿ ಟನ್, ಜನಸಂಖ್ಯೆ 143 ಕೋಟಿಯ ಆಸುಪಾಸು. ತಲಾ ಎರಡು ಟನ್. ಒಟ್ಟು ಮೊತ್ತದಲ್ಲಿ ನಾವು ಚೀನಾ, ಅಮೆರಿಕಗಳ ಬಳಿಕ ಮೂರನೆಯವರು. ತಲಾ ಲೆಕ್ಕದಲ್ಲಿ ಜಗತ್ತಿನ ಸರಾಸರಿಯ ಅರ್ಧವೂ ಇಲ್ಲ. ಅಮೆರಿಕದವರು ತಲಾ ಸುಮಾರು 14 ಟನ್, ಚೀನಾದವರು 8 ಟನ್. ಕಪ್ಪುಹಲಗೆಯ ಮೇಲೆ ಈ ಭಾಗಾಕಾರಗಳನ್ನು ಮಕ್ಕಳಿಂದಲೇ ಮಾಡಿಸಿದರೆ ಐದು ನಿಮಿಷ ಸಾಕು. ಒಂದೇ ದೇಶ ಒಂದು ಪಟ್ಟಿಯಲ್ಲಿ ಮೇಲೆ, ಇನ್ನೊಂದರಲ್ಲಿ ಕೆಳಗೆ ಇರುವುದು ಹೇಗೆಂದು ಅವರೇ ಕೇಳತೊಡಗುತ್ತಾರೆ.

ಪಾಠ ಬೋಧನಾ ಅಭ್ಯಾಸಕ್ಕಾಗಿ ಬಂಟ್ವಾಳ ತಾಲೂಕಿನ ಒಂದು ಪ್ರೌಢಶಾಲೆಯಲ್ಲಿ 9ನೇ ತರಗತಿಗೆ ನಾನು ಈ ವಿಷಯವನ್ನು ತೆಗೆದುಕೊಂಡಿದ್ದೆ. ನಮ್ಮ ತಂಡದ ಉಳಿದವರು ಬೆಳ್ತಂಗಡಿ ಮತ್ತು ಮೂಡುಬಿದಿರೆ ಕಡೆಯ ಶಾಲೆಗಳಲ್ಲಿ ಇದೇ ಅಂಕಿಗಳನ್ನು ಬಳಸಿದರು. ಮುಂದೆ ಈ ಘಟಕವನ್ನು ತೆಗೆದುಕೊಳ್ಳುವ ಪ್ರಶಿಕ್ಷಣಾರ್ಥಿಗಳಿಗೆ ನನ್ನ ಒಂದು ಮಾತಿದೆ. ಮಕ್ಕಳಿಗೆ ಅಂಕಿಯನ್ನು ಕೊಡುವ ಮೊದಲು ಆ ಅಂಕಿಯ ಗಡಿಯನ್ನು ತೋರಿಸಬೇಕು. ಯಾವ ಹೊಗೆ ಯಾರ ಲೆಕ್ಕಕ್ಕೆ, ಎಲ್ಲಿಂದ ಎಲ್ಲಿಯವರೆಗೆ, ಯಾವುದು ಹೊರಗುಳಿದಿದೆ ಎಂಬುದು ಗೊತ್ತಿಲ್ಲದಿದ್ದರೆ ಸರಿಯಾದ ಅಂಕಿಯಿಂದಲೂ ತಪ್ಪು ತೀರ್ಮಾನ ಹುಟ್ಟುತ್ತದೆ. ನಮ್ಮ ಮೂರು ತಾಲೂಕುಗಳಲ್ಲಿ ಇದನ್ನು ತೋರಿಸಲು ದೂರದ ಉದಾಹರಣೆಯೇ ಬೇಕಾಗಿಲ್ಲ.

ಗಡಿಯ ಮಾತು ಕೊಲ್ಲಿ ದೇಶಗಳಿಂದಲೇ ಆರಂಭವಾಗಬಹುದು. ನಮ್ಮ ಯಾವುದೇ ತರಗತಿಯಲ್ಲಿ ತಂದೆಯೋ ಮಾವನೋ ಗಲ್ಫಿನಲ್ಲಿರುವ ಮಕ್ಕಳು ಇದ್ದೇ ಇರುತ್ತಾರೆ. ಕತಾರಿನ ತಲಾ ಹೊರಸೂಸುವಿಕೆ ವರ್ಷಕ್ಕೆ 30 ಟನ್ನಿಗಿಂತ ಹೆಚ್ಚು. ಜಗತ್ತಿನಲ್ಲೇ ಅತಿ ಹೆಚ್ಚಿನವುಗಳಲ್ಲಿ ಒಂದು. ಆದರೆ ಆ ಪುಟ್ಟ ದೇಶ ನೈಸರ್ಗಿಕ ಅನಿಲವನ್ನು ತೆಗೆದು, ತಣಿಸಿ ದ್ರವ ಮಾಡಿ ಹಡಗಿಗೆ ತುಂಬುವ ಕೆಲಸದ ಹೊಗೆಯೆಲ್ಲ ಅಲ್ಲಿನ ಲೆಕ್ಕಕ್ಕೇ ಬರುತ್ತದೆ. ಆ ಅನಿಲ ಬೇರೆ ದೇಶದಲ್ಲಿ ಉರಿದಾಗ ಬರುವ ಹೊಗೆ ಆ ದೇಶದ ಲೆಕ್ಕಕ್ಕೆ. ಅಲ್ಲಿ ಕೂಲಿ ಮಾಡುವ ನಮ್ಮೂರಿನ ಮನುಷ್ಯನೂ ಭಾಗಾಕಾರದ ಕೆಳಗಿನ ಸಂಖ್ಯೆಯಲ್ಲಿ ಒಬ್ಬ. ಅವನ ಕೋಣೆಯಲ್ಲಿ ಆರು ಜನ ಮಲಗುತ್ತಾರೆಂಬುದು ಸರಾಸರಿಗೆ ಗೊತ್ತಿಲ್ಲ.

ಈಗ ಆಹಾರಕ್ಕೆ ಬರೋಣ. ಭಾರತ ಸರಕಾರ 2024ರ ಡಿಸೆಂಬರ್‌ನಲ್ಲಿ ವಿಶ್ವಸಂಸ್ಥೆಗೆ ಸಲ್ಲಿಸಿದ ನಾಲ್ಕನೇ ದ್ವೈವಾರ್ಷಿಕ ವರದಿಯಲ್ಲಿ 2020ರ ಲೆಕ್ಕವಿದೆ. ಅದರ ಪ್ರಕಾರ ದೇಶದ ಹಸಿರುಮನೆ ಅನಿಲಗಳಲ್ಲಿ ಶಕ್ತಿ ವಲಯದ ಪಾಲು ಶೇ. 75.66, ಕೃಷಿಯದ್ದು ಶೇ. 13.72, ಕೈಗಾರಿಕಾ ಪ್ರಕ್ರಿಯೆಗಳದ್ದು ಶೇ. 8.06, ತ್ಯಾಜ್ಯದ್ದು ಶೇ. 2.56. ಇನ್ನೊಂದು ಕಡೆ, ಜೋಸೆಫ್ ಪೂರ್ ಮತ್ತು ಥಾಮಸ್ ನೆಮೆಸೆಕ್ 119 ದೇಶಗಳ ಸುಮಾರು 38,700 ಹೊಲ-ತೋಟಗಳ ಮಾಹಿತಿ ಸೇರಿಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಜಗತ್ತಿನ ಹಸಿರುಮನೆ ಅನಿಲಗಳ ಶೇ. 26ರಷ್ಟು ಆಹಾರದಿಂದ ಎಂದಿದೆ. 2021ರಲ್ಲಿ ಬಂದ ಇನ್ನೊಂದು ಲೆಕ್ಕ ಅದನ್ನು ಶೇ. 34 ಎನ್ನುತ್ತದೆ. ಮಕ್ಕಳಿಗೆ ಇವನ್ನು ಹೇಳಿದರೆ, ಯಾವುದು ಸರಿ ಎಂಬುದೇ ಮೊದಲ ಪ್ರಶ್ನೆ.

ಭಾರತದ್ದು ಒಂದು ದೇಶದ ಅಂಕಿ, ಉಳಿದೆರಡು ಇಡೀ ಜಗತ್ತಿನವು. ಆದರೆ ಅವು ಬೇರೆ ಬೇರೆಯಾಗಲು ಅದೊಂದೇ ಕಾರಣವಲ್ಲ. ಅವು ಕೇಳುವ ಪ್ರಶ್ನೆಯೇ ಬೇರೆ. ರಾಷ್ಟ್ರೀಯ ವರದಿಯ 'ಕೃಷಿ' ಎಂದರೆ ಗದ್ದೆಯ ಮೀಥೇನ್, ದನಗಳ ಮೆಲುಕಿನಿಂದ ಬರುವ ಮೀಥೇನ್, ಗೊಬ್ಬರ ಹಾಕಿದ ಮಣ್ಣಿನ ನೈಟ್ರಸ್ ಆಕ್ಸೈಡ್, ಇಂಥವು ಮಾತ್ರ. ತೋಟದ ಪಂಪಿಗೆ ಬರುವ ಕರೆಂಟು ಶಕ್ತಿ ವಲಯಕ್ಕೆ ಸೇರಿಹೋಗುತ್ತದೆ. ಭತ್ತ ಸಾಗಿಸುವ ಲಾರಿಯ ಡೀಸೆಲ್ ಸಾರಿಗೆಗೆ, ಅನ್ನ ಬೇಯಿಸುವ ಗ್ಯಾಸ್ ಗೃಹಬಳಕೆಯ ಇಂಧನಕ್ಕೆ. ಗೊಬ್ಬರ ತಯಾರಿಕೆ ಕೈಗಾರಿಕೆಗೆ. ಪಣಂಬೂರಿನ ರಸಗೊಬ್ಬರ ಕಾರ್ಖಾನೆಯನ್ನು ನಮ್ಮ ಮಕ್ಕಳಲ್ಲಿ ಅನೇಕರು ಮಂಗಳೂರಿಗೆ ಹೋಗುವಾಗ ನೋಡಿರುತ್ತಾರೆ. ಅಲ್ಲಿ ಹಿಂದೆ ನಾಫ್ತಾದಿಂದ ಅಮೋನಿಯಾ ತೆಗೆದು ಯೂರಿಯಾ ಮಾಡುತ್ತಿದ್ದರು. 2021ರ ಜನವರಿ 5ರಂದು ಉದ್ಘಾಟನೆಯಾದ ಸುಮಾರು 450 ಕಿ.ಮೀ. ಉದ್ದದ ಕೊಚ್ಚಿ–ಮಂಗಳೂರು ಕೊಳವೆಮಾರ್ಗದಿಂದಾಗಿ ಅದು ನೈಸರ್ಗಿಕ ಅನಿಲಕ್ಕೆ ಬದಲಾಯಿತು. ಆ ಯೂರಿಯಾ ಚೀಲ ತೋಟಕ್ಕೆ ಬಂದು ಮಣ್ಣಿಗೆ ಬಿದ್ದ ಮೇಲಷ್ಟೇ 'ಕೃಷಿ'. ಪೂರ್ ಮತ್ತು ನೆಮೆಸೆಕ್ ಈ ಚದುರಿದ ತುಂಡುಗಳನ್ನು ಆಹಾರದ ಹೆಸರಿನಲ್ಲಿ ಒಟ್ಟು ಸೇರಿಸಿದರು. ಹೊಟೇಲು, ಮನೆಗಳ ಅಡುಗೆಯನ್ನೂ ಇನ್ನೂ ಕೆಲವನ್ನೂ ಸೇರಿಸಿದವರಿಗೆ ಶೇ. 34 ಸಿಕ್ಕಿತು. ಒಂದೇ ಬಟ್ಟಲು ಗಂಜಿಯನ್ನು ಒಬ್ಬರು ಇಲಾಖೆಗಳ ಕಡತದಲ್ಲಿ ಹಂಚಿಟ್ಟರು, ಇನ್ನೊಬ್ಬರು ಬಟ್ಟಲಿನಲ್ಲೇ ಇಟ್ಟು ನೋಡಿದರು.

ಆಹಾರದ ಅಂಕಿಗಳಲ್ಲಿ ನಮ್ಮ ಮಕ್ಕಳನ್ನು ನೇರವಾಗಿ ತಟ್ಟುವುದು ಅಕ್ಕಿ. ಜಾಗತಿಕ ಸರಾಸರಿಯಲ್ಲಿ ಒಂದು ಕೆ.ಜಿ. ಅಕ್ಕಿಗೆ ಸುಮಾರು 4 ಕೆ.ಜಿ. ಇಂಗಾಲದ ಡೈಆಕ್ಸೈಡ್ ಸಮಾನ ಅನಿಲ, ಗೋಧಿಗೆ ಒಂದೂವರೆ. ಸ್ತಂಭಾಲೇಖ ಬರೆದರೆ ಅಕ್ಕಿಯ ಕಂಬ ಗೋಧಿಯದ್ದರ ಎರಡು ಪಟ್ಟಿಗೂ ಎತ್ತರ. ಬೆಳಿಗ್ಗೆ ಗಂಜಿ ಉಂಡು ಬಂದ ಮಗು ಇದನ್ನು ಹೇಗೆ ಓದುತ್ತದೆ? ಆದ್ದರಿಂದ ಅದೇ ಹೊತ್ತಿಗೆ ಎರಡನೇ ಆಲೇಖವನ್ನೂ ಬರೆಸಬೇಕು: ಕೆ.ಜಿ.ಗೆ ಬದಲು 1,000 ಕಿಲೊಕ್ಯಾಲೊರಿಗೆ. ಒಂದು ಕೆ.ಜಿ. ಅಕ್ಕಿಯಲ್ಲಿ ಸುಮಾರು 3,500 ಕಿಲೊಕ್ಯಾಲೊರಿ ಇದೆ, ಒಂದು ಕೆ.ಜಿ. ಹಾಲಿನಲ್ಲಿ ಸುಮಾರು 600; ಬಹುಪಾಲು ನೀರೇ ಇರುವ ಟೊಮೆಟೊದಲ್ಲಿ 200 ಕೂಡ ಇಲ್ಲ. ಹಾಲಿಗೆ ಕೆ.ಜಿ.ಗೆ ಸುಮಾರು 3 ಎಂದು ಹಿಡಿದರೆ, 1,000 ಕಿಲೊಕ್ಯಾಲೊರಿಗೆ ಹಾಲಿನದ್ದು 5 ಕೆ.ಜಿ., ಅಕ್ಕಿಯದ್ದು 1ರ ಚಿಲ್ಲರೆ. ಕೆ.ಜಿ.ಯ ಪಟ್ಟಿಯಲ್ಲಿ ಹಾಲಿಗಿಂತ ಮೇಲಿದ್ದ ಅಕ್ಕಿ ಈ ಪಟ್ಟಿಯಲ್ಲಿ ಎಷ್ಟೋ ಕೆಳಕ್ಕೆ ಇಳಿಯುತ್ತದೆ. ಹಾಲು ಕುಡಿಯಬಾರದು ಎಂದಲ್ಲ. ಹಾಲನ್ನು ಕ್ಯಾಲೊರಿಗಾಗಿ ಯಾರೂ ಕುಡಿಯುವುದಿಲ್ಲ. ಛೇದದಲ್ಲಿ ಏನಿದೆ ಎಂಬುದನ್ನು ನೋಡುವ ಅಭ್ಯಾಸ ಆಗಬೇಕು, ಅಷ್ಟೇ. ಮಾಂಸದ ಅಂಕಿಗಳೂ ಇದೇ ಪಟ್ಟಿಯಲ್ಲಿವೆ. ಅವನ್ನು ಬರೆಯಿರಿ, ಮುಚ್ಚಿಡಬೇಡಿ; ಆದರೆ ನಮ್ಮ ಜಿಲ್ಲೆಯ ತರಗತಿಯಲ್ಲಿ ಯಾವ ಮಗುವಿನ ಬುತ್ತಿಯ ಕಡೆಗೂ ಬೆರಳು ಹೋಗದ ಹಾಗೆ ಕೋಷ್ಟಕವನ್ನು ಇಡೀ ಜಗತ್ತಿನದ್ದಾಗಿಯೇ ಇಟ್ಟುಕೊಳ್ಳುವುದು ಲೇಸು.

ಅಕ್ಕಿಯ ಅಂಕಿ ಅಷ್ಟು ಹೆಚ್ಚಾಗಲು ಕಾರಣ ನಿಂತ ನೀರು. ಗದ್ದೆಯಲ್ಲಿ ನೀರು ನಿಂತಾಗ ಕೆಸರಿಗೆ ಆಮ್ಲಜನಕ ಇಳಿಯುವುದಿಲ್ಲ. ಕೊಳೆಯುವ ಬೇರು, ಹುಲ್ಲು, ಸೊಪ್ಪುಗಳನ್ನು ಆಮ್ಲಜನಕ ಬೇಡದ ಸೂಕ್ಷ್ಮಜೀವಿಗಳು ಒಡೆದು ಕೊನೆಗೆ ಮೀಥೇನ್ ಮಾಡುತ್ತವೆ. ಸ್ವಲ್ಪ ಗುಳ್ಳೆಯಾಗಿ ಮೇಲೆ ಬರುತ್ತದೆ. ಹೆಚ್ಚಿನದು ಭತ್ತದ ಗಿಡದೊಳಗಿನ ಗಾಳಿಕೊಳವೆಗಳ ಮೂಲಕವೇ ಹೊರಗೆ ಹೋಗುತ್ತದೆ. ನೇಜಿ ನೆಡುವಾಗ ಕಾಲಿಟ್ಟಲ್ಲಿ ಗುಳುಗುಳು ಬರುವ ಗುಳ್ಳೆಯನ್ನು ನೋಡಿದ ಮಕ್ಕಳು ಇನ್ನೂ ಇದ್ದಾರೆ, ಕಡಿಮೆಯಾಗುತ್ತಿದ್ದಾರೆ. ಗೋಬರ್ ಗ್ಯಾಸ್ ಗುಂಡಿಯಲ್ಲಿ ನಡೆಯುವುದೂ ಇದೇ ಕ್ರಿಯೆ. ಬೆಳ್ತಂಗಡಿ ತಾಲೂಕಿನಲ್ಲಿ ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯ ಪ್ರೋತ್ಸಾಹದಿಂದ ಹಲವು ಮನೆಗಳಿಗೆ ಈ ಘಟಕ ಬಂದಿರುವುದರಿಂದ ಉದಾಹರಣೆ ಕಣ್ಣೆದುರೇ ಇರುತ್ತದೆ. ಗುಂಡಿಯ ಮೀಥೇನನ್ನು ಒಲೆಯಲ್ಲಿ ಉರಿಸಿದರೆ 16 ಗ್ರಾಂ ಮೀಥೇನಿನಿಂದ 44 ಗ್ರಾಂ ಇಂಗಾಲದ ಡೈಆಕ್ಸೈಡ್ ಬರುತ್ತದೆ, ಅಂದರೆ ಒಂದು ಕೆ.ಜಿ.ಗೆ 2.75 ಕೆ.ಜಿ. ಉರಿಸದೆ ಹಾಗೆಯೇ ಬಿಟ್ಟರೆ? ಐಪಿಸಿಸಿಯ ಐದನೇ ವರದಿಯ ಪ್ರಕಾರ 100 ವರ್ಷದ ಅವಧಿಯಲ್ಲಿ ಒಂದು ಕೆ.ಜಿ. ಮೀಥೇನ್ 28 ಕೆ.ಜಿ. ಇಂಗಾಲದ ಡೈಆಕ್ಸೈಡಿಗೆ ಸಮ. 20 ವರ್ಷಕ್ಕೆ ನೋಡಿದರೆ 80ಕ್ಕೂ ಹೆಚ್ಚು, ಏಕೆಂದರೆ ಮೀಥೇನ್ ಗಾಳಿಯಲ್ಲಿ ಹತ್ತು-ಹನ್ನೆರಡು ವರ್ಷ ಮಾತ್ರ ಉಳಿಯುತ್ತದೆ, ಇರುವಷ್ಟು ಕಾಲ ಜೋರು. ರಾಸಾಯನಿಕ ಸಮೀಕರಣ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಅನ್ವಯ ನನಗೆ ಸಿಕ್ಕಿಲ್ಲ.

ಗದ್ದೆಯ ಲೆಕ್ಕವನ್ನೂ ಮಕ್ಕಳೇ ಮಾಡಬಹುದು. ಐಪಿಸಿಸಿಯ 2019ರ ಪರಿಷ್ಕೃತ ಮಾರ್ಗಸೂಚಿಯಲ್ಲಿ ದಕ್ಷಿಣ ಏಷ್ಯಾದ, ಸದಾ ನೀರು ನಿಂತ ಗದ್ದೆಗೆ ದಿನಕ್ಕೆ ಹೆಕ್ಟೇರಿಗೆ 0.85 ಕೆ.ಜಿ. ಮೀಥೇನ್, ಬೆಳೆಯ ಅವಧಿ 112 ದಿನ ಎಂದಿದೆ. ಒಂದು ಎಕರೆ ಎಂದರೆ 0.4 ಹೆಕ್ಟೇರ್. ಗುಣಿಸಿದರೆ ಒಂದು ಬೆಳೆಗೆ ಸುಮಾರು 38 ಕೆ.ಜಿ. ಮೀಥೇನ್, 28ರಿಂದ ಗುಣಿಸಿದರೆ ಒಂದು ಟನ್ನಿಗೆ ಸ್ವಲ್ಪ ಹೆಚ್ಚು. ಎಕರೆಗೆ 15 ಕ್ವಿಂಟಲ್ ಭತ್ತ, ಅದರಿಂದ 10 ಕ್ವಿಂಟಲ್ ಅಕ್ಕಿ ಎಂದು ಇಟ್ಟುಕೊಂಡರೆ ಅಕ್ಕಿಯ ಕೆ.ಜಿ.ಗೆ ಮೀಥೇನಿನಿಂದಷ್ಟೇ ಸುಮಾರು 1 ಕೆ.ಜಿ. ಜಾಗತಿಕ ಸರಾಸರಿಯ 4ರಲ್ಲಿ ಗೊಬ್ಬರ, ಇಂಧನ, ಸಾಗಾಟ, ಹಾಳಾದ ಅಕ್ಕಿ ಎಲ್ಲವೂ ಸೇರಿವೆ, ನಮ್ಮದಕ್ಕಿಂತ ಹೆಚ್ಚು ಮೀಥೇನ್ ಬಿಡುವ ಗದ್ದೆಗಳೂ ಸೇರಿವೆ.

ಇಲ್ಲಿ ನಮ್ಮ ಊರಿನ ಜ್ಞಾನವೂ ಬೇಕು. ಬೈಲು, ಮಜಲು, ಬೆಟ್ಟು ಎಂಬ ವಿಂಗಡಣೆಯೇ ನೀರಿನ ವಿಂಗಡಣೆ. ಬೈಲಿನಲ್ಲಿ ಏಣೆಲು, ಸುಗ್ಗಿ, ಕೊಳಕೆ ಎಂದು ಮೂರು ಬೆಳೆಯಾದರೆ ಬೆಟ್ಟುಗದ್ದೆಗೆ ಮಳೆಗಾಲದ ಒಂದೇ ಬೆಳೆ. ಮಳೆಯನ್ನೇ ನಂಬಿದ ಗದ್ದೆಗೆ ಅದೇ ಮಾರ್ಗಸೂಚಿ ಮೀಥೇನನ್ನು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಸುತ್ತದೆ. ಮೀಥೇನ್ ಕಡಿಮೆ ಮಾಡಲು ನಡುನಡುವೆ ಗದ್ದೆಯನ್ನು ಒಣಗಿಸಿ ಎಂಬ ಸಲಹೆಯನ್ನು ಎಲ್ಲ ಕಡೆ ಕೊಡುತ್ತಾರೆ. ಕಾಲುವೆ ನೀರಿನ ಗಂಗಾವತಿಯಲ್ಲಿ ತೂಬು ಮುಚ್ಚಿದರೆ ಅದು ಸಾಧ್ಯ. ಆಟಿ ತಿಂಗಳ ಮಳೆಯಲ್ಲಿ ಬಂಟ್ವಾಳದ ಬೈಲನ್ನು ಒಣಗಿಸುವುದು ಯಾರ ಕೈಯಲ್ಲಿದೆ? ಸುಗ್ಗಿಗೆ, ಕೊಳಕೆಗೆ ಬೇಕಾದರೆ ಹೇಳಬಹುದು.

ಈ ಲೆಕ್ಕ ಮುಗಿಯುವಾಗ ಒಬ್ಬ ಹುಡುಗಿ ಕೇಳಿದಳು: "ಹಾಗಾದ್ರೆ ನಾವು ಗದ್ದೆಗೆ ಅಡಿಕೆ ಹಾಕಿದ್ದು ಒಳ್ಳೇದೇ ಆಯ್ತಲ್ಲ ಟೀಚರ್?"

ಈ ಮೂರು ತಾಲೂಕುಗಳಲ್ಲಿ ಇದಕ್ಕಿಂತ ದೊಡ್ಡ ಪ್ರಶ್ನೆ ಇಲ್ಲ. ಕೂಲಿಯಾಳು ಸಿಗದೆ, ಖರ್ಚು ಹುಟ್ಟದೆ, ಕಾಡುಹಂದಿ, ನವಿಲುಗಳ ಕಾಟಕ್ಕೆ ಸೋತು ಬೈಲುಗದ್ದೆಗೆ ಮಣ್ಣು ತುಂಬಿಸಿ ಅಡಿಕೆ ನೆಟ್ಟ ಮನೆಗಳೇ ಸುತ್ತಲೂ. ಆ ಮಕ್ಕಳಿಗೆ ಹೌದು ಎಂದರೂ ಅಲ್ಲ ಎಂದರೂ ಅವರ ಮನೆಯ ಒಂದು ನಿರ್ಧಾರಕ್ಕೆ ನಾವು ಅಂಕ ಕೊಟ್ಟಂತೆ. ಹಾಗಾಗಿ ಅಡಿಕೆಯ ಎಕರೆಗೂ ಲೆಕ್ಕ ಬರೆದೆವು. ವಿಟ್ಲದಲ್ಲಿ 1956ರಲ್ಲಿ ಅಡಿಕೆ ಸಂಶೋಧನೆಗೆಂದೇ ಆರಂಭವಾಗಿ ಈಗ ಕೇಂದ್ರೀಯ ತೋಟಗಾರಿಕಾ ಬೆಳೆಗಳ ಸಂಶೋಧನಾ ಸಂಸ್ಥೆ, ಅಂದರೆ ಸಿಪಿಸಿಆರ್‌ಐಯ ಪ್ರಾದೇಶಿಕ ಕೇಂದ್ರವಾಗಿರುವ ಸಂಸ್ಥೆಯನ್ನು ಇಲ್ಲಿನವರೆಲ್ಲ ಬಲ್ಲರು. ಅಡಿಕೆ ಮರವೊಂದಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕ ಎಂಬುದು ಸಿಪಿಸಿಆರ್‌ಐಯ ಶಿಫಾರಸು. ಒಂಬತ್ತು ಅಡಿ ಅಂತರದಲ್ಲಿ ಎಕರೆಗೆ ಸುಮಾರು 550 ಮರ. ಸಾರಜನಕ 55 ಕೆ.ಜಿ. ಅದರಲ್ಲಿ ಶೇ. 1 ನೈಟ್ರಸ್ ಆಕ್ಸೈಡಾಗಿ ಹೋಗುತ್ತದೆಂಬುದು ಐಪಿಸಿಸಿಯ ಸಾಮಾನ್ಯ ಊಹೆ. ನೈಟ್ರಸ್ ಆಕ್ಸೈಡ್ 265 ಪಟ್ಟು ಪ್ರಬಲ. ಒಟ್ಟು ಸುಮಾರು 230 ಕೆ.ಜಿ. ಇಂಗಾಲದ ಡೈಆಕ್ಸೈಡ್ ಸಮಾನ. ಇನ್ನು ನೀರು. ಐದು ಎಚ್.ಪಿ. ಪಂಪು ದಿನಕ್ಕೆ ನಾಲ್ಕು ಗಂಟೆಯಂತೆ ಡಿಸೆಂಬರಿನಿಂದ ಮಳೆ ಹಿಡಿಯುವವರೆಗೆ 150 ದಿನ ಓಡಿದರೆ 2,200 ಯೂನಿಟ್ ದಾಟುತ್ತದೆ. ದೇಶದ ವಿದ್ಯುತ್ ಜಾಲದ ಸರಾಸರಿ ಯೂನಿಟ್‌ಗೆ ಸುಮಾರು 0.7 ಕೆ.ಜಿ. ಇಂಗಾಲದ ಡೈಆಕ್ಸೈಡ್, ಅಲ್ಲಿಗೆ 1,500 ಕೆ.ಜಿ.ಗೂ ಹೆಚ್ಚು. ಆ ಪಂಪಿನಡಿ ಎರಡು ಎಕರೆ ಇದ್ದರೆ ಎಕರೆಗೆ ಸುಮಾರು 780. ಗೊಬ್ಬರದ್ದು ಸೇರಿಸಿದರೆ ಮತ್ತೆ ಒಂದು ಟನ್ನಿನ ಹತ್ತಿರವೇ!

ಎರಡೂ ಸಮ ಎಂದು ಬರೆದು ಮುಗಿಸಲು ಮಕ್ಕಳು ಆತುರಪಟ್ಟರು. ಬಿಡಬಾರದು. ಗದ್ದೆಯ ಲೆಕ್ಕದಲ್ಲಿ ಟಿಲ್ಲರಿನ ಡೀಸೆಲ್, ಗೊಬ್ಬರ ಹಿಡಿದಿಲ್ಲ. ಅಲ್ಲಿ ಹಿಡಿದದ್ದು ಒಂದೇ ಬೆಳೆ. ಅಡಿಕೆ ಮರ ಕಾಂಡದಲ್ಲಿ ಇಂಗಾಲ ಕೂಡಿಡುವುದನ್ನು ಹಿಡಿದಿಲ್ಲ; ವರದಿಗಳಲ್ಲಿ ಅದು ಭೂಬಳಕೆ ಎಂಬ ಬೇರೆಯೇ ಕಾಲಮಿನಲ್ಲಿರುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಅಡಿಕೆ ನೆಟ್ಟ ಮನೆಯವರು ಗಂಜಿ ಬಿಟ್ಟಿಲ್ಲ. ಕುಚ್ಚಲಕ್ಕಿ ಈಗ ಅಂಗಡಿಯಿಂದ ಬರುತ್ತದೆ, ಅದರ ಭತ್ತ ಹೊರ ಜಿಲ್ಲೆಯಲ್ಲೋ ಹೊರ ರಾಜ್ಯದಲ್ಲೋ ನೀರು ನಿಂತ ಗದ್ದೆಯಲ್ಲಿ ಬೆಳೆದದ್ದು. ನಮ್ಮ ಬೈಲಿನ ಮೀಥೇನ್ ನಿಂತಿತು ನಿಜ; ನಮ್ಮ ಬಟ್ಟಲಿನದ್ದು ನಿಲ್ಲಲಿಲ್ಲ, ಊರು ಬದಲಿಸಿತು. ದೇಶಗಳ ನಡುವೆ ನಡೆಯುವುದೂ ಇದೇ. ಬ್ರಿಟನ್ನಿನ ಸ್ವಂತ ನೆಲದ ಹೊಗೆ ಇಳಿದಿದೆ; ಅಲ್ಲಿನವರು ಕೊಂಡು ಬಳಸುವ ಹೊರದೇಶದ ವಸ್ತುಗಳ ಹೊಗೆಯನ್ನೂ ಸೇರಿಸಿದರೆ ಅಂಕಿ ಮೇಲಕ್ಕೇರುತ್ತದೆ. ಮೊದಲನೆಯದಕ್ಕೆ ಉತ್ಪಾದನೆ ಆಧಾರಿತ ಲೆಕ್ಕ, ಎರಡನೆಯದಕ್ಕೆ ಬಳಕೆ ಆಧಾರಿತ ಲೆಕ್ಕ ಎನ್ನುತ್ತಾರೆ. ಈ ಪರಿಭಾಷೆಯನ್ನು ಅಡಿಕೆ ತೋಟದ ಲೆಕ್ಕವಾದ ಮೇಲೆ ಹೇಳಿದರೆ ಬಾಯಿಪಾಠ ಬೇಕಾಗುವುದಿಲ್ಲ.

ಶಕ್ತಿಯ ವಿಷಯವನ್ನೂ ಇದೇ ದಾರಿಯಲ್ಲಿ ನೋಡಬಹುದು. ಮೂಡುಬಿದಿರೆಯಿಂದ ಪಶ್ಚಿಮಕ್ಕೆ, ಉಡುಪಿ ಜಿಲ್ಲೆಯ ಎಲ್ಲೂರಿನಲ್ಲಿ 600 ಮೆಗಾವಾಟಿನ ಎರಡು ಘಟಕಗಳ ಉಷ್ಣ ವಿದ್ಯುತ್ ಸ್ಥಾವರವಿದೆ. ಹೊರದೇಶದ ಕಲ್ಲಿದ್ದಲು ನವ ಮಂಗಳೂರು ಬಂದರಿನಲ್ಲಿ ಇಳಿದು ಅಲ್ಲಿಗೆ ಹೋಗುತ್ತದೆ. ಹೊಗೆ, ಬೂದಿ ಅಲ್ಲಿನವರಿಗೆ. ಕರೆಂಟು ತಂತಿಯಲ್ಲಿ ಘಟ್ಟ ಹತ್ತಿ ರಾಜ್ಯದ ಜಾಲಕ್ಕೆ. ಮಂಗಳೂರಿನಿಂದ ಹಾಸನದ ಮೂಲಕ ಬೆಂಗಳೂರಿನ ಕಡೆಗೆ ಹೋಗುವ ಪೆಟ್ರೋಲಿಯಂ ಕೊಳವೆ ಬಂಟ್ವಾಳ, ಬೆಳ್ತಂಗಡಿ ತಾಲೂಕುಗಳ ನೆಲದಡಿಯಲ್ಲೇ ಹಾದುಹೋಗುತ್ತದೆ. ಘಟ್ಟ ಹತ್ತಿಸಲು ಬೆಳ್ತಂಗಡಿಯ ನೆರಿಯದಲ್ಲಿ ಪಂಪಿಂಗ್ ಸ್ಟೇಷನ್ ಇದೆ. ಕಚ್ಚಾತೈಲ ಶುದ್ಧೀಕರಿಸುವ ಹೊಗೆ ಮಂಗಳೂರಿನಲ್ಲಿ, ಪಂಪು ನೆರಿಯದಲ್ಲಿ, ಪೆಟ್ರೋಲು ಉರಿಯುವುದು ಬೆಂಗಳೂರಿನ ಸಿಗ್ನಲ್ಲಿನಲ್ಲಿ. ಬೆಳ್ತಂಗಡಿಯಲ್ಲಿ ಪಾಠ ಮಾಡಿದ ನನ್ನ ಸಹಪಾಠಿ ಈ ಕೊಳವೆಯನ್ನೇ ಇಡೀ ಪಾಠದ ದಾರವಾಗಿ ಬಳಸಿದರು, ನನಗಿಂತ ಚೆನ್ನಾಗಿಯೇ.

ಅಡುಗೆಮನೆಯ ಲೆಕ್ಕವನ್ನು ಮನೆಗೆಲಸವಾಗಿ ಕೊಡಬಹುದು. ಎಲ್‌ಪಿಜಿ ಎಂದರೆ ಪ್ರೊಪೇನ್, ಬ್ಯೂಟೇನ್. ಎರಡರ ಸಮೀಕರಣ ಸರಿದೂಗಿಸಿದರೂ ಒಂದು ಕೆ.ಜಿ.ಗೆ ಸುಮಾರು 3 ಕೆ.ಜಿ. ಇಂಗಾಲದ ಡೈಆಕ್ಸೈಡ್. 14.2 ಕೆ.ಜಿ. ಸಿಲಿಂಡರಿಗೆ 43 ಕೆ.ಜಿ. ಹತ್ತಿರ. ವರ್ಷಕ್ಕೆ ಎಂಟು ಸಿಲಿಂಡರಿನ ನಾಲ್ಕು ಜನರ ಮನೆಗೆ ತಲಾ 85 ಕೆ.ಜಿ. ಬರುತ್ತದೆ, ಮೊದಲು ತೆಗೆದ ಎರಡು ಟನ್ನಿನ ಪಕ್ಕದಲ್ಲಿ ಇದನ್ನು ಬರೆಸಿ, ಉಳಿದದ್ದು ಎಲ್ಲಿಂದ ಬಂತೆಂದು ಕೇಳಿ. ಬಚ್ಚಲೊಲೆಗೆ ಹಾಕುವ ಸೋಗೆ, ಮಡಲು, ತೆಂಗಿನ ಸಿಪ್ಪೆಯ ಹೊಗೆಯ ಬಗ್ಗೆಯೂ ಕೇಳುತ್ತಾರೆ, ಸಿದ್ಧರಾಗಿರಿ. ಅದರ ಇಂಗಾಲದ ಡೈಆಕ್ಸೈಡನ್ನು ಶಕ್ತಿ ವಲಯದ ಮೊತ್ತಕ್ಕೆ ಸೇರಿಸುವುದಿಲ್ಲ, ಪ್ರತ್ಯೇಕವಾಗಿ ತೋರಿಸುತ್ತಾರೆ. ಗಿಡ ಗಾಳಿಯಿಂದ ತೆಗೆದುಕೊಂಡದ್ದನ್ನೇ ಹಿಂತಿರುಗಿಸಿದೆ ಎಂಬುದು ಅದರ ಹಿಂದಿನ ತರ್ಕ. ಒಲೆಯೆದುರು ಕೂತ ಅಜ್ಜಿಯ ಕಣ್ಣಿಗೆ ಆ ವ್ಯತ್ಯಾಸ ತಿಳಿಯದು, ಅದು ಬೇರೆ ಮಾತು.

ಕೊನೆಯ ಚಟುವಟಿಕೆಗೆ ನಾನು ಮೂರು ಕಾಲಮಿನ ಕೋಷ್ಟಕ ಕೊಟ್ಟೆ: ಅನಿಲ ಎಲ್ಲಿ ಹೊರಟಿತು, ಯಾರ ವರದಿಯಲ್ಲಿ ಸೇರಿತು, ಉಪಯೋಗ ಯಾರಿಗೆ ಆಯಿತು. ಗುಂಪಿಗೆ ಒಂದರಂತೆ ಅಕ್ಕಿ, ಅಡಿಕೆ, ಕರೆಂಟು, ಪೆಟ್ರೋಲು, ಹಾಲು. ಯೂನಿಟ್ ಎಷ್ಟು ಎಂಬ ಪ್ರಶ್ನೆಯಲ್ಲಿ ಅಡಿಕೆಯ ಗುಂಪು ತಡವರಿಸಿತು. 10 ಎಚ್.ಪಿ.ವರೆಗಿನ ಪಂಪಿಗೆ ಕರೆಂಟು ಉಚಿತವಾದ್ದರಿಂದ ಮನೆಯಲ್ಲಿ ಯಾರಿಗೂ ಆ ಸಂಖ್ಯೆಯ ನೆನಪಿಲ್ಲ. ಎಷ್ಟು ಗಂಟೆ ಓಡಿತೆಂಬ ಅಂದಾಜಿನಿಂದಲೇ ಬರೆಯಬೇಕಾಯಿತು. ಹಾಲಿನ ಗುಂಪು ಮೂರನೇ ಕಾಲಮಿನಲ್ಲಿ ಡೈರಿ ಎಂದೂ ಕರು ಎಂದೂ ಬರೆದಿತ್ತು. ಅಡಿಕೆಯ ಗುಂಪಿನವರು ಅದೇ ಕಾಲಮಿನಲ್ಲಿ ಮೊದಲು ಉತ್ತರ ಭಾರತದವರು ಎಂದು ಬರೆದು, ಅದರ ಕೆಳಗೆ ಬೇರೆ ಕೈಬರಹದಲ್ಲಿ ಅಕ್ಕನ ಕಾಲೇಜು ಫೀಸು ಎಂದು ಸೇರಿಸಿದ್ದರು. ಈ ಕೋಷ್ಟಕಕ್ಕೆ ನಲುವತ್ತು ನಿಮಿಷ ಸಾಲುವುದಿಲ್ಲ. ಎರಡು ಅವಧಿ ಒಟ್ಟಿಗೆ ಸಿಗುವ ದಿನ ನೋಡಿ ಇಟ್ಟುಕೊಳ್ಳಿ. ಸಾಧ್ಯವಾದರೆ ಗಣಿತದ ಪ್ರಶಿಕ್ಷಣಾರ್ಥಿಯೊಬ್ಬರನ್ನು ಜತೆಗೆ ಕರೆದುಕೊಳ್ಳಿ.